ಎರಡು ಮೂರು ಚರಾಕ್ಷರ ಇರುವ ಬಹುಪದೋಕ್ತಿಯ ಡಿಗ್ರಿ: ಕೂಡಬೇಕಾ, ದೊಡ್ಡದನ್ನು ಆರಿಸಬೇಕಾ?

ಓದುಗಿ
ಅಕ್ಕನ ಮಗಳಿಗೆ ಬಹುಪದೋಕ್ತಿ ಹೇಳಿಕೊಡುತ್ತಿದ್ದೇನೆ. ಒಂದೇ ಚರಾಕ್ಷರ ಇದ್ದಾಗ ತೊಂದರೆ ಇಲ್ಲ, ಎಲ್ಲಕ್ಕಿಂತ ದೊಡ್ಡ ಘಾತಸೂಚಿಯೇ ಡಿಗ್ರಿ. ಎರಡು ಚರಾಕ್ಷರ ಬಂದ ಕೂಡಲೇ ಗೊಂದಲ ಶುರು. ಲೆಕ್ಕ ಇದು (ಟೈಪ್ ಮಾಡಲು ಸುಲಭ ಅಂತ ಚರಾಕ್ಷರಗಳನ್ನು ಕ, ಗ, ಚ ಅಂತ ಬರೆಯುತ್ತೇನೆ):

4ಕ³ಗ² − 7ಕ⁴ + 2ಗ⁴ + 9

ಅವಳು ಡಿಗ್ರಿ 4 ಅನ್ನುತ್ತಾಳೆ. ಎಲ್ಲೂ 4ಕ್ಕಿಂತ ದೊಡ್ಡ ಘಾತಸೂಚಿ ಕಾಣುವುದಿಲ್ಲವಲ್ಲ! ಪುಸ್ತಕದ ಹಿಂದೆ ಉತ್ತರ 5 ಅಂತಿದೆ. ಅವಳ ಗೆಳತಿ ಎಲ್ಲ ಘಾತಸೂಚಿಗಳನ್ನೂ ಕೂಡಿ 13 ಅಂತ ಬರೆದಿದ್ದಾಳಂತೆ. 5 ಹೇಗೆ ಬರುತ್ತದೆ ಅಂತ ಹೇಳಿದರೆ ಅವಳಿಗೆ ಸಾಲದು. ಯಾಕೆ ಹಾಗೇ ಮಾಡಬೇಕು ಅಂತ ಕೇಳುತ್ತಾಳೆ. ಏನು ಹೇಳಲಿ?

ಮೂಲೆಬೆಂಚು
5 ಸರಿ. ಒಂದು ಪದದ ಒಳಗೆ ಕೂಡಿ. ಪದಗಳ ನಡುವೆ ದೊಡ್ಡದನ್ನು ಆರಿಸಿ. ಅಷ್ಟೇ.

ಲೆಕ್ಕದ ಮೇಷ್ಟ್ರು
ಮೇಲಿನವರು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಪದ 4ಕ³ಗ². ಇಲ್ಲಿ ಕ ಮೇಲೆ 3, ಗ ಮೇಲೆ 2, ಕೂಡಿದರೆ 5. ಎರಡನೇ ಪದ 4, ಮೂರನೇ ಪದ 4, ಒಂಟಿಯಾಗಿರುವ 9ಕ್ಕೆ 0. ಈ ನಾಲ್ಕರಲ್ಲಿ ದೊಡ್ಡದು 5. ಗೆಳತಿಗೆ 13 ಬಂದದ್ದು ಕೂಡುವ ಕಳೆಯುವ ಚಿಹ್ನೆಗಳನ್ನು ದಾಟಿ ಕೂಡಿದ್ದರಿಂದ. ಆ ಚಿಹ್ನೆ ಬಂದಲ್ಲಿ ಒಂದು ಪದ ಮುಗಿಯಿತು, ಅಲ್ಲಿಗೆ ಕೂಡುವುದನ್ನು ನಿಲ್ಲಿಸಬೇಕು.

ತರಗತಿಯಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಘಾತಸೂಚಿ ಬರೆಯದೇ ಇದ್ದರೆ ಅದನ್ನು ಸೊನ್ನೆ ಅಂದುಕೊಳ್ಳುತ್ತಾರೆ. ಅದು 1. ಹಾಗಾಗಿ ಕಗಚ ಅನ್ನುವ ಪದದ ಡಿಗ್ರಿ 3. ಇನ್ನೊಂದು, ಸಹಗುಣಕದ ಮೇಲಿನ ಘಾತವನ್ನೂ ಕೂಡಿಬಿಡುತ್ತಾರೆ. 2⁵ಕ²ಗ ಕೊಟ್ಟರೆ 5+2+1 = 8 ಅಂತ ಬರೆಯುತ್ತಾರೆ. 2⁵ ಅಂದರೆ ಬರೀ 32. ಅದು ಸಂಖ್ಯೆ, ಚರಾಕ್ಷರ ಅಲ್ಲ. ಡಿಗ್ರಿ 3.

ಘನಮೂಲ
ಒಂದು ಮಾತು ಸೇರಿಸಿ ಮೇಷ್ಟ್ರೇ. ಮೊದಲು ಬಿಡಿಸಿ ಸುಲಭರೂಪಕ್ಕೆ ತರಬೇಕು, ಆಮೇಲೆ ಡಿಗ್ರಿ ನೋಡಬೇಕು.

(ಕ² + ಗ)² − ಕ⁴

ಕಣ್ಣಿಗೆ 4 ಕಾಣುತ್ತದೆ. ಬಿಡಿಸಿದರೆ ಕ⁴ + 2ಕ²ಗ + ಗ² − ಕ⁴, ಅಂದರೆ 2ಕ²ಗ + ಗ². ಡಿಗ್ರಿ 3. ಅತಿ ದೊಡ್ಡ ಡಿಗ್ರಿಯ ಪದಗಳು ಒಂದನ್ನೊಂದು ಹೊಡೆದುಹಾಕಿದರೆ ಡಿಗ್ರಿ ಇಳಿಯುತ್ತದೆ. ಪರೀಕ್ಷೆಯಲ್ಲಿ ಇಂಥದ್ದನ್ನು ಬೇಕಂತಲೇ ಕೊಡುತ್ತಾರೆ.

ಸಂಶಯ
ಇದೆಲ್ಲ ಸುಮ್ನೆ ಒಂದು ಒಪ್ಪಂದ ಅಲ್ವಾ? ಯಾರೋ ಕೂಡಿ ಅಂದರು, ನಾವು ಕೂಡುತ್ತಿದ್ದೇವೆ. ಆ ಹುಡುಗಿ ಹೇಳಿದ ಹಾಗೆ ಅತಿ ದೊಡ್ಡ ಒಂಟಿ ಘಾತಸೂಚಿಯನ್ನೇ ಡಿಗ್ರಿ ಅಂತ ಕರೆದರೆ ಏನು ಗಂಟು ಹೋಗುತ್ತದೆ? ಅವಳ ಪ್ರಶ್ನೆ "ಯಾಕೆ". ಇಲ್ಲಿಯವರೆಗೆ ಬಂದ ಉತ್ತರಗಳೆಲ್ಲ "ಹೇಗೆ".

ಮೂಲೆಬೆಂಚು
ಪುಸ್ತಕದಲ್ಲಿ ಹಾಗಿದೆ ಸ್ವಾಮಿ. ಅಂಕ ಬೇಕಾದರೆ ಹಾಗೇ ಬರೆಯಬೇಕು.

ಸಂಶಯ
ಅದು ಉತ್ತರ ಅಲ್ಲ.

ವಕ್ರರೇಖೆ
ಸಂಶಯ ಅವರ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಗಟ್ಟಿಯಾದ ಕಾರಣ ಇದೆ, ಒಂಬತ್ತನೇ ತರಗತಿಯವರಿಗೂ ತೋರಿಸಬಹುದು.

ಕಗ = 1 ಅನ್ನುವ ವಕ್ರರೇಖೆ ತೆಗೆದುಕೊಳ್ಳಿ. ಕಾಗದದ ಮೇಲೆ ಎರಡು ಬಾಗಿದ ತುಂಡುಗಳು, ಒಂದಕ್ಕೊಂದು ಎದುರುಬದುರು. ಈಗ ವಕ್ರರೇಖೆಯನ್ನು ಮುಟ್ಟಬೇಡಿ, ಅಕ್ಷಗಳನ್ನು ಮಾತ್ರ ಓರೆ ಮಾಡಿ. ಬೀಜಗಣಿತದಲ್ಲಿ ಅದು ಹೀಗೆ: ಕ ಇರುವಲ್ಲಿ ಪ + ರ, ಗ ಇರುವಲ್ಲಿ ಪ − ರ ಹಾಕಿ. ಅಳತೆಯೂ ಸ್ವಲ್ಪ ಬದಲಾಗುತ್ತದೆ, ಅದು ನಮಗೆ ಮುಖ್ಯ ಅಲ್ಲ.

ಕಗ = (ಪ + ರ)(ಪ − ರ) = ಪ² − ರ²

ಅದೇ ಕಾಗದ, ಅದೇ ವಕ್ರರೇಖೆ. ದೊಡ್ಡ ಒಂಟಿ ಘಾತಸೂಚಿಯೇ ಡಿಗ್ರಿ ಅಂದರೆ, ಮೊದಲು ನೋಡಿದಾಗ ಡಿಗ್ರಿ 1, ಅಕ್ಷ ಓರೆ ಮಾಡಿದ ಮೇಲೆ 2! ಜೊತೆಗೆ ಕ + ಗ = 1 ಅನ್ನುವ ನೆಟ್ಟನೆಯ ಗೆರೆಗೂ 1, ಬಾಗಿದ ಕಗ = 1 ಗೂ 1. ಗೆರೆಯನ್ನೂ ಬಾಗಿದ ರೇಖೆಯನ್ನೂ ಬೇರೆ ಮಾಡಲಾಗದ ಅಳತೆ ಅದು. ಕೂಡುವ ನಿಯಮದಲ್ಲಿ ಕಗ ಗೆ 2, ಪ² − ರ² ಗೂ 2. ಅಕ್ಷ ಎಲ್ಲಿ ಎಳೆದಿರಿ ಅನ್ನುವುದು ನಿಮ್ಮ ಆಯ್ಕೆ. ಡಿಗ್ರಿ ವಕ್ರರೇಖೆಯದು, ನಿಮ್ಮ ಆಯ್ಕೆಯಿಂದ ಅದು ಬದಲಾಗಬಾರದು.

ಇದು ಯಾವಾಗಲೂ ನಡೆಯುತ್ತದಾ ಅಂತ ಕೇಳಿದರೆ, ನಡೆಯುತ್ತದೆ. ಒಟ್ಟು ಡಿಗ್ರಿ 5 ಇರುವ ಪದ ಅಂದರೆ ಐದು ಚರಾಕ್ಷರಗಳ ಗುಣಲಬ್ಧ. ಪ್ರತಿಯೊಂದರ ಜಾಗದಲ್ಲೂ ಡಿಗ್ರಿ 1 ಇರುವ ಒಂದು ಆವರಣ ಬಂದು ಕೂರುತ್ತದೆ. ಐದು ಆವರಣ ಗುಣಿಸಿದರೆ 5ಕ್ಕಿಂತ ಮೇಲೆ ಹೋಗಲು ದಾರಿಯೇ ಇಲ್ಲ. ಇನ್ನು ಇಳಿಯುತ್ತದಾ? ಇಳಿದಿದ್ದರೆ ಅಕ್ಷಗಳನ್ನು ಮೊದಲಿನ ಹಾಗೆ ತಿರುಗಿಸಿದಾಗ ಮತ್ತೆ ಏರಬೇಕಾಗುತ್ತಿತ್ತು. ಏರುವುದು ಸಾಧ್ಯವಿಲ್ಲ ಅಂತ ಈಗಷ್ಟೇ ನೋಡಿದೆವು. ಹಾಗಾಗಿ ಇದ್ದಷ್ಟೇ ಇರುತ್ತದೆ.

ಓದುಗಿ
ಇದು ಬೇಕಾಗಿತ್ತು ನನಗೆ. (ಪ+ರ)(ಪ−ರ) ಅವಳಿಗೆ ಬಾಯಿಪಾಠ, ನೇರ ಅರ್ಥ ಆಗುತ್ತದೆ.

ಸಂಶಯ
ವಕ್ರರೇಖೆ ಅವರೇ, ಚೆನ್ನಾಗಿದೆ, ಒಪ್ಪಿದೆ. ಆದರೂ ದೊಡ್ಡ ಒಂಟಿ ಘಾತಸೂಚಿ ಪೂರ್ತಿ ನಿಷ್ಪ್ರಯೋಜಕ ಅನ್ನುವುದನ್ನು ಒಪ್ಪಲ್ಲ. ಎಲ್ಲೋ ಬಳಸುತ್ತಾರೆ.

ಕೋಡುಗಾರ
ಬಳಸುತ್ತಾರೆ, ನಾನೇ ದಿನಾ ಬಳಸುತ್ತೇನೆ. ಚಿತ್ರವನ್ನು ದೊಡ್ಡದು ಮಾಡುವಾಗ ನಾಲ್ಕು ಪಿಕ್ಸೆಲ್‌ಗಳ ನಡುವಿನ ಬಣ್ಣ ಊಹಿಸಬೇಕಾಗುತ್ತದೆ. ಅದಕ್ಕೆ ಬೈಲೀನಿಯರ್ ಅನ್ನುವ ಸೂತ್ರ:

ಅ + ಬಕ + ಸಗ + ದಕಗ

ಇಲ್ಲಿ ಕ ಮತ್ತು ಗ ಸ್ಥಾನ ಹೇಳುವ ಚರಾಕ್ಷರಗಳು, ಅ, ಬ, ಸ, ದ ಸಂಖ್ಯೆಗಳು. ಕ ಒಂದನ್ನೇ ನೋಡಿದರೆ ಡಿಗ್ರಿ 1, ಗ ಒಂದನ್ನೇ ನೋಡಿದರೂ 1. ಒಟ್ಟು ಡಿಗ್ರಿ ಮಾತ್ರ 2. ಬೈಕ್ಯೂಬಿಕ್ ಅನ್ನುವ ಇನ್ನೊಂದು ಸೂತ್ರದಲ್ಲಿ ಪ್ರತಿ ಚರಾಕ್ಷರದಲ್ಲೂ 3ರವರೆಗೆ ಹೋಗುತ್ತೇವೆ. ಸಹಗುಣಕಗಳು 4 × 4 = 16, ಒಟ್ಟು ಡಿಗ್ರಿ 6ರವರೆಗೆ ಏರುತ್ತದೆ, ಏಕೆಂದರೆ ಕ³ಗ³ ಅನ್ನುವ ಪದವೂ ಅದರಲ್ಲಿದೆ. ಒಟ್ಟು ಡಿಗ್ರಿ 3ಕ್ಕೇ ನಿಲ್ಲಿಸಿದ್ದರೆ ಪದಗಳು ಬರೀ 10. ಎರಡು ಲೆಕ್ಕವೂ ಬೇಕು, ಯಾವುದನ್ನು ಹೇಳುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು ಅಷ್ಟೇ.

ಪೈಥಾನ್‌ನ ಸಿಂಪೈ ಅನ್ನುವ ಬೀಜಗಣಿತ ಲೈಬ್ರರಿ ಬಳಸುವವರು ಗಮನಿಸಿ. ಅದರಲ್ಲಿ ಡಿಗ್ರಿ ಅನ್ನುವ ಫಂಕ್ಷನ್ ಒಂದು ಚರಾಕ್ಷರದ ಪ್ರಕಾರ ಉತ್ತರ ಕೊಡುತ್ತದೆ. ಕೂಡಿದ ಡಿಗ್ರಿ ಬೇಕಾದರೆ ಟೋಟಲ್ ಡಿಗ್ರಿ ಅಂತ ಬೇರೆ ಫಂಕ್ಷನ್ ಇದೆ. ಹೊಸಬರು ಮೊದಲನೆಯದನ್ನು ಕರೆದು, ಉತ್ತರ ಪುಸ್ತಕಕ್ಕೆ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಲೆಕ್ಕದ ಮೇಷ್ಟ್ರು
10 ಹೇಗೆ ಬಂತು ಅಂತ ಮಕ್ಕಳು ಕೇಳಿದರೆ: ಡಿಗ್ರಿ 0ಕ್ಕೆ ಒಂದು ಪದ, 1ಕ್ಕೆ ಎರಡು, 2ಕ್ಕೆ ಮೂರು, 3ಕ್ಕೆ ನಾಲ್ಕು. 1+2+3+4.

ಪ್ರಶ್ನೆಪತ್ರಿಕೆಯಲ್ಲಿ ಬರೀ "ಡಿಗ್ರಿ" ಅಂತ ಕೇಳಿದರೆ ಒಟ್ಟು ಡಿಗ್ರಿ ಅಂತಲೇ ಅರ್ಥ. ಒಂದು ಚರಾಕ್ಷರದ್ದು ಬೇಕಾದರೆ "ಕ ದಲ್ಲಿ ಡಿಗ್ರಿ" ಅಂತ ಬಿಡಿಸಿ ಕೇಳುತ್ತಾರೆ. ಮೊದಲ ಲೆಕ್ಕದಲ್ಲಿ ಕ ದಲ್ಲಿ ಡಿಗ್ರಿ 4, ಗ ದಲ್ಲಿಯೂ 4, ಒಟ್ಟು 5. ಆ ಹುಡುಗಿ ಹೇಳಿದ 4 ಬೇರೆ ಪ್ರಶ್ನೆಗೆ ಸರಿ ಉತ್ತರ. ಅವಳಿಗೆ ಇದನ್ನು ಖಂಡಿತ ಹೇಳಿ.

ರಾತ್ರಿಪಾಳಿ
ನಾನು ಇನ್ನೊಂದು ಉಪಾಯ ಮಾಡುತ್ತೇನೆ. ಎಲ್ಲ ಚರಾಕ್ಷರಗಳ ಜಾಗದಲ್ಲೂ ಒಂದೇ ಅಕ್ಷರ, ಟ ಅಂತ ಹಾಕಿಬಿಡಿ. 4ಟ⁵ − 7ಟ⁴ + 2ಟ⁴ + 9. ಡಿಗ್ರಿ 5. ಬೇಗ ಮುಗಿಯುತ್ತದೆ.

ಘನಮೂಲ
ಬೇಡ! ಕ² − ಗ² + ಕ ಗೆ ಅದನ್ನೇ ಮಾಡಿ ನೋಡಿ. ಟ² − ಟ² + ಟ = ಟ, ಡಿಗ್ರಿ 1. ನಿಜವಾದ ಡಿಗ್ರಿ 2. ಬೇರೆ ಬೇರೆ ಪದಗಳು ಒಂದೇ ಆಗಿ ಹೊಡೆದುಹೋಗುತ್ತವೆ.

ವಕ್ರರೇಖೆ
ಉಪಾಯವನ್ನು ಸ್ವಲ್ಪ ಬದಲಿಸಿದರೆ ಉಳಿಸಿಕೊಳ್ಳಬಹುದು. ಕ ಜಾಗದಲ್ಲಿ ಟ ಬೇಡ, ಟಕ ಹಾಕಿ. ಗ ಜಾಗದಲ್ಲಿ ಟಗ. ಆಗ ಕ² − ಗ² + ಕ ಅನ್ನುವುದು ಟ²(ಕ² − ಗ²) + ಟಕ ಆಗುತ್ತದೆ. ಟ ಮೇಲಿನ ದೊಡ್ಡ ಘಾತಸೂಚಿ 2, ಅದೇ ಡಿಗ್ರಿ. ಏನೂ ಹೊಡೆದುಹೋಗುವುದಿಲ್ಲ. ಅರ್ಥವೂ ಚೆನ್ನಾಗಿದೆ: ಎಲ್ಲ ಅಳತೆಗಳನ್ನೂ ಒಟ್ಟಿಗೆ ಟ ಪಟ್ಟು ಹಿಗ್ಗಿಸಿದರೆ ಒಂದೊಂದು ಪದ ಎಷ್ಟು ಪಟ್ಟು ಹಿಗ್ಗುತ್ತದೆ? ಉದ್ದ, ಅಗಲ, ಎತ್ತರ ಕ, ಗ, ಚ ಆದರೆ ಕಗಚ ಘನಫಲ. ಮೂರನ್ನೂ ಎರಡು ಪಟ್ಟು ಮಾಡಿದರೆ ಘನಫಲ 2³, ಅಂದರೆ 8 ಪಟ್ಟು. ಘಾತಸೂಚಿಗಳನ್ನು ಕೂಡುವುದು ಇದಕ್ಕೇ.

ಓದುಗಿ
ಇನ್ನೊಂದು ಅನುಮಾನ. ಅಕ² + ಬಕ + ಸ ಅನ್ನುವ ನಮ್ಮ ಹಳೇ ವರ್ಗ ಬಹುಪದೋಕ್ತಿ ಇದೆಯಲ್ಲ, ಅದರ ಡಿಗ್ರಿ 2 ಅಂತ ಕಲಿತಿದ್ದೇವೆ. ಕೂಡುವ ನಿಯಮದ ಪ್ರಕಾರ ಅಕ² ಅಂದರೆ 1+2 = 3 ಆಗಬೇಕಲ್ವಾ?

ಮೂಲೆಬೆಂಚು
ಅ, ಬ, ಸ ಸ್ಥಿರಾಂಕಗಳು. ಲೆಕ್ಕಕ್ಕಿಲ್ಲ. 2.

ಸಂಶಯ
ಸ್ಥಿರಾಂಕ ಅಂತ ಎಲ್ಲಿ ಬರೆದಿದೆ? ಅಕ್ಷರ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ.

ಲೆಕ್ಕದ ಮೇಷ್ಟ್ರು
ಅದನ್ನು ಲೆಕ್ಕ ಕೊಡುವವರು ಹೇಳಬೇಕು. "ಕ ದ ಬಹುಪದೋಕ್ತಿ" ಅಂದರೆ 2. ನಾಲ್ಕನ್ನೂ ಚರಾಕ್ಷರ ಅಂದುಕೊಂಡರೆ 3, ಅದೂ ಸರಿಯೇ. ಯಾವುದು ಚರಾಕ್ಷರ ಅಂತ ಹೇಳದೆ ಡಿಗ್ರಿ ಕೇಳಿದರೆ ಆ ಪ್ರಶ್ನೆಯೇ ಅರ್ಧ.

ವಕ್ರರೇಖೆ
ಅ, ಬ, ಸ ಗಳನ್ನು ಚರಾಕ್ಷರ ಅಂತ ನೋಡುವುದರಿಂದ ಲಾಭವೂ ಇದೆ. ಮೂಲಗಳ ಸ್ವರೂಪ ಹೇಳುವ ಶೋಧಕ ಬ² − 4ಅಸ ನೋಡಿ. ಬ² ಗೆ 2, ಅಸ ಗೂ 2. ಎಲ್ಲ ಪದಗಳ ಡಿಗ್ರಿಯೂ ಒಂದೇ. ಅದಕ್ಕೇ ಸಮೀಕರಣವನ್ನು ಪೂರ್ತಿ 10ರಿಂದ ಗುಣಿಸಿದರೆ ಶೋಧಕ 100 ಪಟ್ಟಾಗುತ್ತದೆ, ಚಿಹ್ನೆ ಬದಲಾಗುವುದಿಲ್ಲ. ಮೂಲಗಳೂ ಬದಲಾಗುವುದಿಲ್ಲ ಅಲ್ವಾ, ಎರಡೂ ಹೊಂದುತ್ತವೆ. ಯಾರಾದರೂ ಅವಸರದಲ್ಲಿ ಬ − 4ಅಸ ಅಂತ ಬರೆದರೆ ಡಿಗ್ರಿ ನೋಡಿಯೇ ತಪ್ಪು ಹಿಡಿಯಬಹುದು.

ಸೊನ್ನೆ
ಯಾರೂ ನನ್ನ ವಿಷಯ ಎತ್ತಲಿಲ್ಲ. ಶೂನ್ಯ ಬಹುಪದೋಕ್ತಿಯ ಡಿಗ್ರಿ ಎಷ್ಟು? 9ಕ್ಕೆ 0 ಅಂದಿರಿ. 0ಗೂ 0 ತಾನೇ?

ಮೂಲೆಬೆಂಚು
ಇಲ್ಲ. 0ಗೆ ಡಿಗ್ರಿ ವ್ಯಾಖ್ಯಾನಿಸಿಲ್ಲ. ಶಾಲೆಯಲ್ಲಿ ಹಾಗೇ ಬರೆಯಬೇಕು.

ಕೋಡುಗಾರ
ಸಹಗುಣಕಗಳನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವ ಕೆಲವು ಪ್ರೋಗ್ರಾಂಗಳು −1 ಕೊಡುತ್ತವೆ. ಪಟ್ಟಿಯ ಉದ್ದಕ್ಕಿಂತ ಒಂದು ಕಡಿಮೆ ಡಿಗ್ರಿ. 0ಗೆ ಪಟ್ಟಿ ಖಾಲಿ, ಉದ್ದ 0, ಹಾಗಾಗಿ −1. ಸಿಂಪೈ ಮಾತ್ರ ಋಣ ಅನಂತ ಕೊಡುತ್ತದೆ.

ಘನಮೂಲ
ಋಣ ಅನಂತವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಬಹುಪದೋಕ್ತಿ ಗುಣಿಸಿದರೆ ಡಿಗ್ರಿಗಳು ಕೂಡಬೇಕು. ಡಿಗ್ರಿ 3 ಇರುವುದನ್ನು 0ಯಿಂದ ಗುಣಿಸಿದರೆ 0 ಬರುತ್ತದೆ. 0ಯ ಡಿಗ್ರಿ 0 ಅಂದರೆ 3 + 0 = 0 ಆಗಬೇಕು, ಕೆಟ್ಟಿತು. −1 ಅಂದರೆ 3 − 1 = −1 ಆಗಬೇಕು, ಅದೂ ಕೆಟ್ಟಿತು. ಋಣ ಅನಂತಕ್ಕೆ 3 ಕೂಡಿದರೆ ಋಣ ಅನಂತವೇ. ನಿಯಮ ಎಲ್ಲೂ ಮುರಿಯುವುದಿಲ್ಲ.

ಲೆಕ್ಕದ ಮೇಷ್ಟ್ರು
ನಿಮ್ಮ ಕಾರಣ ಸರಿ. ಆದರೂ ಪರೀಕ್ಷೆಯಲ್ಲಿ "ವ್ಯಾಖ್ಯಾನಿಸಿಲ್ಲ" ಅಂತ ಬರೆಯಿರಿ ಮಕ್ಕಳೇ. ಮೌಲ್ಯಮಾಪಕರ ಕೈಯಲ್ಲಿರುವ ಉತ್ತರ ಅದು.

ಸಂಶಯ
ಗುಣಿಸಿದರೆ ಡಿಗ್ರಿಗಳು ಕೂಡುತ್ತವೆ ಅನ್ನುವುದು ಒಂದು ಚರಾಕ್ಷರಕ್ಕೆ ಸರಿ, ಅತಿ ದೊಡ್ಡ ಡಿಗ್ರಿಯ ಪದ ಒಂದೇ ಇರುತ್ತದೆ. ಹಲವು ಚರಾಕ್ಷರ ಇದ್ದಾಗ ಮೇಲಿನ ಡಿಗ್ರಿಯ ಪದಗಳೇ ನಾಲ್ಕಾರು ಇರಬಹುದು. ಗುಣಿಸುವಾಗ ಅವು ಪೂರ್ತಿ ಹೊಡೆದುಹೋಗುವುದಿಲ್ಲ ಅಂತ ಏನು ಖಾತ್ರಿ?

ಘನಮೂಲ
ಒಳ್ಳೆ ಪ್ರಶ್ನೆ. ಮೇಲಿನ ಡಿಗ್ರಿಯ ಪದಗಳನ್ನು ಕ ದ ಘಾತ ಇಳಿಯುವ ಕ್ರಮದಲ್ಲಿ ಜೋಡಿಸಿ. ಉದಾಹರಣೆಗೆ ಎರಡನೇ ಡಿಗ್ರಿಯವು ಕ², ಕಗ, ಗ² ಅಂತ ಸಾಲಾಗಿ ನಿಲ್ಲುತ್ತವೆ. ಎರಡೂ ಬಹುಪದೋಕ್ತಿಗಳಲ್ಲಿ ಈ ಸಾಲಿನ ಮೊದಲ ಪದಗಳನ್ನು ಗುಣಿಸಿ. ಅಷ್ಟು ದೊಡ್ಡ ಕ ಘಾತ ಇರುವ ಪದ ಬೇರೆ ಯಾವ ಜೋಡಿಯಿಂದಲೂ ಹುಟ್ಟುವುದಿಲ್ಲ. ಹೊಡೆದುಹಾಕಲು ಎದುರಾಳಿಯೇ ಇಲ್ಲ, ಹಾಗಾಗಿ ಅದು ಉಳಿಯುತ್ತದೆ. ಚರಾಕ್ಷರ ಮೂರಿದ್ದರೆ ಕ ಸಮ ಆದಾಗ ಗ ನೋಡಿ ಜೋಡಿಸಿ, ವಾದ ಅದೇ.

ಕೋಡುಗಾರ
ಸಹಗುಣಕಗಳು ಮಾಮೂಲಿ ಸಂಖ್ಯೆಗಳಾಗಿದ್ದರೆ ಮಾತ್ರ. 6ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವ ಅಂಕಗಣಿತದಲ್ಲಿ (2ಕ + 1)(3ಗ + 1) ಬಿಡಿಸಿ: 6ಕಗ + 2ಕ + 3ಗ + 1. 6 ಅಂದರೆ 0. ಉಳಿದದ್ದು 2ಕ + 3ಗ + 1, ಡಿಗ್ರಿ 1. ಒಂದು ಮತ್ತು ಒಂದು ಕೂಡಿ ಎರಡಾಗಲಿಲ್ಲ.

ಮೂಲೆಬೆಂಚು
ಒಂಬತ್ತನೇ ತರಗತಿ ಹುಡುಗಿಗೆ ಇದೆಲ್ಲ ಯಾಕೆ ಮಾರಾಯ್ರೆ.

ಓದುಗಿ
ಇರಲಿ ಬಿಡಿ, ನನಗೆ ಬೇಕು.

ರಾತ್ರಿಪಾಳಿ
ಡಿಗ್ರಿ 2 ಅಂದರೆ ಎರಡು ಮೂಲ, 3 ಅಂದರೆ ಮೂರು ಮೂಲ ಅನ್ನುತ್ತಾರಲ್ಲ, ಹಲವು ಚರಾಕ್ಷರ ಇದ್ದಾಗ ಅದು ಏನಾಗುತ್ತದೆ?

ವಕ್ರರೇಖೆ
ಹಾಗೇ ನಡೆಯುವುದಿಲ್ಲ. ಕ² + ಗ² = 25 ಒಂದು ವೃತ್ತ, ಡಿಗ್ರಿ 2, ಉತ್ತರಗಳು ಲೆಕ್ಕವಿಲ್ಲದಷ್ಟು. ಎಣಿಕೆ ಬೇಕಾದರೆ ಒಂದು ನೆಟ್ಟನೆಯ ಗೆರೆ ಎಳೆದು ಕತ್ತರಿಸಿ. ವೃತ್ತವನ್ನು ಗೆರೆ ಹೆಚ್ಚೆಂದರೆ ಎರಡು ಕಡೆ ಕತ್ತರಿಸುತ್ತದೆ. ಡಿಗ್ರಿ 3ರ ವಕ್ರರೇಖೆಯನ್ನು ಹೆಚ್ಚೆಂದರೆ ಮೂರು ಕಡೆ, ಗೆರೆಯೇ ಆ ವಕ್ರರೇಖೆಯ ಭಾಗ ಆಗಿರದಿದ್ದರೆ. ನ್ಯೂಟನ್ 1704ರಲ್ಲಿ ಪ್ರಕಟಿಸಿದ ಬರಹದಲ್ಲಿ ಮೂರನೇ ಡಿಗ್ರಿಯ ವಕ್ರರೇಖೆಗಳನ್ನೇ ಹಿಡಿದು 72 ಬಗೆಗಳನ್ನು ಬಿಡಿಸಿಟ್ಟಿದ್ದಾನೆ. ಅಲ್ಲಿ ಎಣಿಕೆಗೆ ಬರುವುದು ಕೂಡಿದ ಡಿಗ್ರಿ. ಕ²ಗ ಇದ್ದರೂ ಅದು ಮೂರನೇ ಡಿಗ್ರಿಯದೇ.

ಗೆರೆಯ ಬದಲು ಇನ್ನೊಂದು ವಕ್ರರೇಖೆ ಹಾಕಿದರೆ? ಒಂದರ ಡಿಗ್ರಿ 2, ಇನ್ನೊಂದರದು 3 ಇದ್ದು, ಎರಡಕ್ಕೂ ಸಾಮಾನ್ಯವಾದ ತುಂಡು ಇಲ್ಲದಿದ್ದರೆ, ಅವು ಸೇರುವ ಬಿಂದುಗಳು ಹೆಚ್ಚೆಂದರೆ 2 × 3 = 6. ಇದು ಫ್ರೆಂಚ್ ಗಣಿತಜ್ಞ ಬೆಜು ಹೆಸರಿನ ಪ್ರಮೇಯ. ಸಮೀಕರಣಗಳ ಬಗ್ಗೆ ಅವನ ದೊಡ್ಡ ಪುಸ್ತಕ 1779ರದ್ದು. ಒಂಟಿ ಘಾತಸೂಚಿ ಹಿಡಿದರೆ ಇದೂ ಕೆಡುತ್ತದೆ. ಕಗ = 1 ಗೆ ಡಿಗ್ರಿ 1 ಅಂದರೆ ಗೆರೆ ಅದನ್ನು ಒಂದೇ ಕಡೆ ಕತ್ತರಿಸಬೇಕು. ಕ = ಗ ಅನ್ನುವ ಗೆರೆ ಎರಡು ಕಡೆ ಕತ್ತರಿಸುತ್ತದೆ, (1, 1) ಮತ್ತು (−1, −1).

ಸಂಶಯ
ಇಷ್ಟು ಸಾಕು, ಇದು ಬರೀ ಒಪ್ಪಂದ ಅಲ್ಲ.

ಓದುಗಿ
ಅವಳು ಕೂತು ಇದನ್ನೆಲ್ಲ ಓದಿದಳು. ಅವಳ ಪ್ರಶ್ನೆ: ಕ²ಗ + ಕ/ಗ ಕೊಟ್ಟರೆ? ಗ ಕೆಳಗಿದೆ, ಅದನ್ನು −1 ಅಂತ ಕೂಡಿ 1 − 1 = 0 ಅಂತ ಬರೆಯಬಹುದಾ?

ಲೆಕ್ಕದ ಮೇಷ್ಟ್ರು
ಅದು ಬಹುಪದೋಕ್ತಿಯೇ ಅಲ್ಲಮ್ಮಾ. ಘಾತಸೂಚಿಗಳು 0, 1, 2, 3 ಹೀಗೆ ಪೂರ್ಣ ಸಂಖ್ಯೆಗಳೇ ಆಗಿರಬೇಕು. ಛೇದದಲ್ಲಿ ಚರಾಕ್ಷರ ಬಂದರೆ, ವರ್ಗಮೂಲದ ಒಳಗೆ ಬಂದರೆ, ಈ ಡಿಗ್ರಿ ಕೇಳುವಂತಿಲ್ಲ. ಕ/3 ಮಾತ್ರ ಆಗುತ್ತದೆ, ಅಲ್ಲಿ ಕೆಳಗಿರುವುದು ಸಂಖ್ಯೆ.

ಘನಮೂಲ
ಅವಳಿಗೆ ಒಂದು ಲೆಕ್ಕ. ಬಿಡಿಸದೆ ಅಪವರ್ತಿಸಲಿ: (ಕ + ಗ + ಚ)³ − ಕ³ − ಗ³ − ಚ³

ಓದುಗಿ
ಬಿಡಿಸದೇನಾ? ಅವಳು ಪೆನ್ ಹಿಡಿದು ಕೂತಿದ್ದಾಳೆ, ಒಂದು ಸುಳಿವು ಕೊಡಿ.

ಘನಮೂಲ
ಗ ಜಾಗದಲ್ಲಿ −ಕ ಹಾಕಿ ನೋಡಲಿ. ಆಮೇಲೆ ಡಿಗ್ರಿ ನೆನಪಿಸಿಕೊಳ್ಳಲಿ.

ಓದುಗಿ
ಬಂತು! ಅವಳು ಮಾಡಿದ್ದನ್ನೇ ಬರೆಯುತ್ತೇನೆ. ಗ = −ಕ ಹಾಕಿದರೆ ಚ³ − ಕ³ + ಕ³ − ಚ³ = 0. ಹಾಗಾಗಿ (ಕ + ಗ) ಒಂದು ಅಪವರ್ತನ. ಮೂರು ಅಕ್ಷರಗಳನ್ನು ಅದಲುಬದಲು ಮಾಡಿದರೂ ಲೆಕ್ಕ ಅದೇ, ಅದಕ್ಕೆ (ಗ + ಚ), (ಚ + ಕ) ಕೂಡ ಅಪವರ್ತನಗಳು. ಮೂರನ್ನೂ ಗುಣಿಸಿದರೆ ಡಿಗ್ರಿ 1+1+1 = 3. ಕೊಟ್ಟಿರುವುದರ ಡಿಗ್ರಿ 3ಕ್ಕಿಂತ ಹೆಚ್ಚಿಲ್ಲ. ಇನ್ನು ಚರಾಕ್ಷರಕ್ಕೆ ಜಾಗವೇ ಇಲ್ಲ, ಉಳಿಯುವುದು ಒಂದು ಸಂಖ್ಯೆ. ಎಲ್ಲಕ್ಕೂ 1 ಹಾಕಿದರೆ ಎಡಗಡೆ 27 − 3 = 24, ಬಲಗಡೆ 2 × 2 × 2 = 8ರ ಪಟ್ಟು. ಸಂಖ್ಯೆ 3.

3(ಕ + ಗ)(ಗ + ಚ)(ಚ + ಕ)

ಲೆಕ್ಕದ ಮೇಷ್ಟ್ರು
ಪೂರ್ಣ ಅಂಕ. ಇದೇ ರೀತಿಯಲ್ಲಿ ಘಾತ 5 ಇಟ್ಟುಕೊಂಡು ಮಾಡಲಿ: (ಕ + ಗ + ಚ)⁵ − ಕ⁵ − ಗ⁵ − ಚ⁵. ಅದೇ ಮೂರು ಅಪವರ್ತನಗಳು ಬರುತ್ತವೆ, ಡಿಗ್ರಿ ಮಾತ್ರ 5. ಉಳಿದ 2 ಡಿಗ್ರಿಯ ಭಾಗ ಏನು ಅಂತ ಅವಳೇ ಹುಡುಕಲಿ. ಅದಲುಬದಲು ಮಾಡಿದರೂ ಬದಲಾಗಬಾರದು, ಎಲ್ಲ ಪದಗಳ ಡಿಗ್ರಿಯೂ 2 ಇರಬೇಕು. ಹಾಗಾಗಿ ಅದು ಕ² + ಗ² + ಚ² ಮತ್ತು ಕಗ + ಗಚ + ಚಕ ಇವೆರಡರ ಪಟ್ಟುಗಳ ಮೊತ್ತವೇ ಆಗಬೇಕು.

ಓದುಗಿ
ಎರಡು ಸಂಖ್ಯೆ ಗೊತ್ತಿಲ್ಲ, ಹಾಗಾಗಿ ಎರಡು ಸಲ ಬೆಲೆ ಹಾಕಿದಳು. ಮೂರಕ್ಕೂ 1 ಹಾಕಿದರೆ 243 − 3 = 240, 8ರಿಂದ ಭಾಗಿಸಿದರೆ 30. ಕ = ಗ = 1, ಚ = 0 ಹಾಕಿದರೆ 32 − 2 = 30, ಬಲಗಡೆ ಮೂರು ಅಪವರ್ತನಗಳು 2 × 1 × 1 = 2, ಭಾಗಿಸಿದರೆ 15. ಎರಡು ಸಂಖ್ಯೆಗಳೂ 5 ಅಂತ ಬಂತು.

5(ಕ + ಗ)(ಗ + ಚ)(ಚ + ಕ)(ಕ² + ಗ² + ಚ² + ಕಗ + ಗಚ + ಚಕ)

ಘನಮೂಲ
ಸರಿಯಾಗಿದೆ. ಕ = 2, ಗ = 1, ಚ = 0 ಹಾಕಿ ತಾಳೆ ನೋಡಿದೆ: 243 − 32 − 1 = 210, ಬಲಗಡೆ 5 × 3 × 1 × 2 × 7 = 210.